ಒಂದೇ ಸಮಯ, ಒಂದೇ ಚಿನ್ನ: ಜೌ ಲಿಹೊಂಗ್ ಗೆದ್ದ ವೀಲ್‌ಚೇರ್ ಮ್ಯಾರಥಾನ್

2016ರ ಸೆಪ್ಟೆಂಬರ್ 18, ರಿಯೊ ಡಿ ಜನೈರೊ ಪ್ಯಾರಾಲಿಂಪಿಕ್ಸ್‌ನ ಕೊನೆಯ ದಿನ. ಕೊಪಕಬಾನಾ ಕಡಲತೀರದ ರಸ್ತೆಯಲ್ಲಿ ಮಹಿಳೆಯರ ವೀಲ್‌ಚೇರ್ ಮ್ಯಾರಥಾನ್ ಮುಗಿದಾಗ ಫಲಿತಾಂಶ ಹೀಗಿತ್ತು. ಚೀನಾದ ಜೌ ಲಿಹೊಂಗ್: 1 ಗಂಟೆ 38 ನಿಮಿಷ 44 ಸೆಕೆಂಡ್. ಅಮೆರಿಕದ ಟಟಿಯಾನಾ ಮೆಕ್‌ಫ್ಯಾಡನ್: 1 ಗಂಟೆ 38 ನಿಮಿಷ 44 ಸೆಕೆಂಡ್. ಮೂರನೆಯವರು ಅಮೆರಿಕದವರೇ ಆದ ಅಮಾಂಡಾ ಮೆಕ್‌ಗ್ರೋರಿ: 1 ಗಂಟೆ 38 ನಿಮಿಷ 45 ಸೆಕೆಂಡ್.

42 ಕಿಲೋಮೀಟರ್‌ಗೂ ಹೆಚ್ಚು ದೂರ ಕೈಯಿಂದಲೇ ಗಾಲಿ ಉರುಳಿಸಿಕೊಂಡು ಬಂದ ಮೂವರು ಹೀಗೆ ಹೆಗಲಿಗೆ ಹೆಗಲು ತಾಗುವಂತೆ ಗೆರೆ ದಾಟಿದ್ದರು. ಮೊದಲಿಬ್ಬರ ಸಮಯದಲ್ಲಂತೂ ವ್ಯತ್ಯಾಸವೇ ಇಲ್ಲ. ಆದರೂ ಚಿನ್ನ ಜೌ ಅವರಿಗೆ, ಬೆಳ್ಳಿ ಮೆಕ್‌ಫ್ಯಾಡನ್ ಅವರಿಗೆ. (ಚೀನಾದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಜೌ ಎಂಬುದು ಅವರ ಮನೆತನದ ಹೆಸರು.)

2025ರ ಸೆಪ್ಟೆಂಬರ್ ಕೊನೆಯಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ನಡೆದಾಗ ನಮ್ಮಲ್ಲಿ ಅನೇಕರು ಮೊದಲ ಸಲ ಈ ರೇಸುಗಳನ್ನು ಕಂಡರು. ನೋಡಿದವರು ಕೇಳಿದ ಪ್ರಶ್ನೆಗಳು ಬಲು ನೇರವಾಗಿದ್ದವು. ಇದು ಮೂರು ಗಾಲಿಯ ಸೈಕಲ್ಲಾ? ಪೆಡಲ್ ಎಲ್ಲಿ? ಎಲ್ಲರೂ ಕುಳಿತೇ ಇದ್ದಾರಲ್ಲ, ಮತ್ತೆ ಬೇರೆ ಬೇರೆ ವರ್ಗ ಯಾಕೆ? ಚೀನಾದವರೇ ಇಷ್ಟೊಂದು ಮಂದಿ ಹೇಗೆ? ಜೌ ಅವರ ಆ ಒಂದು ಗೆಲುವನ್ನು ಮುಂದಿಟ್ಟುಕೊಂಡರೆ ಈ ಎಲ್ಲ ಪ್ರಶ್ನೆಗಳಿಗೂ ಉತ್ತರ ಹುಡುಕಬಹುದು.

## ಇದು ಆಸ್ಪತ್ರೆಯ ಕುರ್ಚಿಯಲ್ಲ

ವೀಲ್‌ಚೇರ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದ, ಹಿಂದಿನಿಂದ ಒಬ್ಬರು ತಳ್ಳುವ ಕುರ್ಚಿ. ರೇಸಿಂಗ್ ಚೇರ್‌ಗೂ ಅದಕ್ಕೂ ಹೆಸರು ಬಿಟ್ಟರೆ ಹೋಲಿಕೆ ಕಡಿಮೆ.

ರೇಸಿಂಗ್ ಚೇರ್‌ಗೆ ಮೂರು ಗಾಲಿ. ಹಿಂದೆ ಎರಡು ದೊಡ್ಡವು, ಉದ್ದ ಚೌಕಟ್ಟಿನ ತುದಿಯಲ್ಲಿ ಮುಂದೆ ಒಂದು ಚಿಕ್ಕದು. ಟೈರಿನ ಗಾಳಿಯೂ ಸೇರಿ ದೊಡ್ಡ ಗಾಲಿಯ ಅಡ್ಡಳತೆ 70 ಸೆಂಟಿಮೀಟರ್, ಚಿಕ್ಕದರದ್ದು 50 ಸೆಂಟಿಮೀಟರ್ ಮೀರಬಾರದು ಎಂಬ ನಿಯಮವಿದೆ. ಹಿಂದಿನ ಗಾಲಿಗಳು ನೆಟ್ಟಗೆ ನಿಂತಿರುವುದಿಲ್ಲ. ಮೇಲ್ಭಾಗ ಒಳಕ್ಕೆ, ಕೆಳಭಾಗ ಹೊರಕ್ಕೆ ವಾಲಿರುತ್ತವೆ. ಕಾಲು ಅಗಲಿಸಿ ನಿಂತ ಪೈಲ್ವಾನನನ್ನು ಬೀಳಿಸುವುದು ಕಷ್ಟ ತಾನೇ? ಅದೇ ಲೆಕ್ಕ. ವೇಗದಲ್ಲಿ ತಿರುವು ತೆಗೆದುಕೊಂಡರೂ ಕುರ್ಚಿ ಸುಲಭಕ್ಕೆ ಮಗುಚುವುದಿಲ್ಲ, ತಳ್ಳುವ ಕೈಗೂ ಗಾಲಿ ಹತ್ತಿರ ಸಿಗುತ್ತದೆ.

ಕುಳಿತುಕೊಳ್ಳುವ ಜಾಗ ಒಂದು ಬುಟ್ಟಿಯಷ್ಟು ಇಕ್ಕಟ್ಟು. ಅದನ್ನು ಆ ಒಬ್ಬ ಅಥ್ಲೀಟ್‌ನ ಸೊಂಟದ ಅಳತೆಗೆ ದರ್ಜಿ ಅಂಗಿ ಹೊಲಿದಂತೆ ಮಾಡಿರುತ್ತಾರೆ. ಹೆಚ್ಚಿನವರು ಕಾಲು ಮಡಚಿ ಮಂಡಿಯೂರಿ, ಎದೆಯನ್ನು ತೊಡೆಗೆ ತಾಗಿಸುವಷ್ಟು ಮುಂದಕ್ಕೆ ಬಾಗಿರುತ್ತಾರೆ. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್‌ನಿಂದ ಮಾಡಿದ ಇಡೀ ಚೇರ್ 10 ಕೆ.ಜಿ. ಆಸುಪಾಸು ತೂಗುತ್ತದೆ. ಬೆಲೆ ಮಾತ್ರ ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ.

ಗೇರ್ ಇಲ್ಲ, ಚೈನ್ ಇಲ್ಲ, ಪೆಡಲ್ ಇಲ್ಲ. ಇರಕೂಡದು ಎಂದೇ ನಿಯಮ. ಪ್ರತಿ ದೊಡ್ಡ ಗಾಲಿಗೆ ಹೊರಗಡೆ ಒಂದೇ ಒಂದು ದುಂಡನೆಯ ಬಳೆ. ಇದನ್ನು ಪುಷ್ ರಿಮ್ ಎನ್ನುತ್ತಾರೆ. ಕೈ ತಾಗುವುದು ಗಾಲಿಗಲ್ಲ, ಈ ಬಳೆಗೆ.

ಮುಂದಿನ ಗಾಲಿಯ ಬಳಿ ಇನ್ನೊಂದು ಪುಟ್ಟ ಸಾಧನವಿದೆ, ಹೆಸರು ಕಾಂಪೆನ್ಸೇಟರ್. ಟ್ರ್ಯಾಕಿನಲ್ಲಿ ಅರ್ಧ ದಾರಿ ನೇರ, ಅರ್ಧ ದಾರಿ ತಿರುವು. ಎರಡೂ ಕೈ ತಳ್ಳುವುದರಲ್ಲೇ ತೊಡಗಿರುವಾಗ ಹ್ಯಾಂಡಲ್ ತಿರುಗಿಸುವುದು ಯಾರು? ತಿರುವು ಬಂದಾಗ ಅಥ್ಲೀಟ್ ಒಂದು ಕೈಯಿಂದ ಈ ಸಾಧನಕ್ಕೆ ಪಟ್ಟನೆ ಒಂದೇಟು ಕೊಡುತ್ತಾರೆ. ಮುಂದಿನ ಗಾಲಿ ಟ್ರ್ಯಾಕಿನ ತಿರುವಿಗೆ ಸರಿಯಾದ ಕೋನಕ್ಕೆ ಹೊರಳಿ ಅಲ್ಲೇ ನಿಲ್ಲುತ್ತದೆ. ತಿರುವು ಮುಗಿದ ಮೇಲೆ ಇನ್ನೊಂದೇಟು, ಗಾಲಿ ನೇರ. ಟಿವಿಯಲ್ಲಿ ಗಮನವಿಟ್ಟು ನೋಡಿದರೆ ಎಂಟೂ ಮಂದಿ ತಿರುವಿನ ಬಾಯಲ್ಲಿ ಒಂದು ಕ್ಷಣ ಕೈ ಮುಂದೆ ಚಾಚುವುದು ಕಾಣುತ್ತದೆ. ಮ್ಯಾರಥಾನ್ ರಸ್ತೆಯಲ್ಲಿ ಪ್ರತಿ ತಿರುವಿನ ಕೋನವೂ ಬೇರೆ. ಅಲ್ಲಿ ಚಿಕ್ಕ ಹ್ಯಾಂಡಲ್ ಹಿಡಿದೇ ತಿರುಗಿಸಬೇಕು. ಬ್ರೇಕ್ ಕೂಡ ಮುಂದಿನ ಗಾಲಿಗೇ ಇರುತ್ತದೆ. ಇಳಿಜಾರಿನಲ್ಲಿ ವೇಗ ಗಂಟೆಗೆ 50 ಕಿ.ಮೀ. ದಾಟುವುದುಂಟು.

## ತಳ್ಳುವುದಲ್ಲ, ಹೊಡೆಯುವುದು

ಹಳೆಯ ಸೈಕಲ್ ಟೈರನ್ನು ಕೋಲಿನಿಂದ ಹೊಡೆಯುತ್ತಾ ಅದರ ಹಿಂದೆ ಓಡಿದವರಿಗೆ ಈ ಆಟದ ಅರ್ಧ ಗುಟ್ಟು ಆಗಲೇ ಗೊತ್ತು. ಉರುಳುತ್ತಿರುವ ಟೈರಿಗೆ ಕೋಲು ಸುಮ್ಮನೆ ತಾಗಿಸಿದರೆ ಅದು ನಿಧಾನವಾಗುತ್ತದೆ. ಟೈರು ಉರುಳುವುದಕ್ಕಿಂತ ಜೋರಾಗಿ ಕೋಲು ಬೀಸಿದರೆ ಮಾತ್ರ ಅದು ಮುಂದೆ ಚಿಮ್ಮುತ್ತದೆ.

ಜೌ ಅವರ ರಿಯೊ ಓಟವನ್ನೇ ತೆಗೆದುಕೊಳ್ಳಿ. 42.195 ಕಿ.ಮೀ. ದೂರಕ್ಕೆ 1:38:44 ಎಂದರೆ ಸರಾಸರಿ ಗಂಟೆಗೆ ಸುಮಾರು 25.6 ಕಿ.ಮೀ., ಸೆಕೆಂಡಿಗೆ 7 ಮೀಟರ್. 70 ಸೆಂಟಿಮೀಟರ್ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಕ್ರಮಿಸುತ್ತದೆ. ಅಂದರೆ ಪ್ರತಿ ಸೆಕೆಂಡಿಗೆ ಗಾಲಿ ಮೂರು ಸುತ್ತಿಗೂ ಹೆಚ್ಚು ತಿರುಗುತ್ತಿತ್ತು. ಹಾಗೆ ಗಿರಗಿರನೆ ತಿರುಗುವ ಬಳೆಯನ್ನು ಕೈಯಲ್ಲಿ ಹಿಡಿಯಲಾಗದು. ಹಿಡಿದರೆ ಅದೇ ಬ್ರೇಕ್.

ಹಾಗಾಗಿ ರೇಸರ್‌ಗಳು ಹಿಡಿಯುವುದಿಲ್ಲ, ಹೊಡೆಯುತ್ತಾರೆ. ಕೈಗೆ ಗಟ್ಟಿ ಪ್ಲಾಸ್ಟಿಕ್ಕಿನ ಗ್ಲೌಸ್ ಇರುತ್ತದೆ. ಈಗೀಗ ಅವರವರ ಮುಷ್ಟಿಯ ಅಚ್ಚು ತೆಗೆದು ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿಸಿಕೊಳ್ಳುವವರೂ ಇದ್ದಾರೆ. ಗ್ಲೌಸಿನೊಳಗೆ ಕೈ ಮುಷ್ಟಿ ಕಟ್ಟಿಯೇ ಇರುತ್ತದೆ, ಬಳೆಗೆ ತಾಗುವ ಕಡೆ ರಬ್ಬರ್. ಬಲಗಡೆಯ ಬಳೆಯನ್ನು ಗಡಿಯಾರದ ಮುಖ ಎಂದುಕೊಳ್ಳಿ. ಮೇಲಿನಿಂದ ಬೀಸಿ ಬಂದ ಮುಷ್ಟಿ ಒಂದು ಗಂಟೆಯ ಜಾಗದಲ್ಲಿ ಬಳೆಗೆ ಬಡಿಯುತ್ತದೆ, ಅದಕ್ಕೆ ಅಂಟಿಕೊಂಡಂತೆ ಕೆಳಕ್ಕೆ ನೂಕುತ್ತಾ ಆರು, ಏಳು ಗಂಟೆಯ ಜಾಗಕ್ಕೆ ಬಂದು, ಕೊನೆಯಲ್ಲಿ ಮಣಿಕಟ್ಟಿನ ಒಂದು ಚಿಟಿಕೆಯೊಂದಿಗೆ ಬಿಡುತ್ತದೆ. ಬಿಟ್ಟ ರಭಸಕ್ಕೆ ಮೊಣಕೈ ಬೆನ್ನ ಹಿಂದೆ ಮೇಲಕ್ಕೆ ಹಾರುತ್ತದೆ. ಮತ್ತೆ ಅದೇ. ನಿಮಿಷಕ್ಕೆ ನೂರು ಸಲ ಎಂದು ಲೆಕ್ಕ ಹಿಡಿದರೂ ಒಂದು ಮ್ಯಾರಥಾನಿಗೆ ಹತ್ತು ಸಾವಿರ ಹೊಡೆತ.

ಬಳೆಯ ಅಳತೆಯಲ್ಲೂ ಒಂದು ಲೆಕ್ಕಾಚಾರವಿದೆ. ಗೇರ್ ಸೈಕಲ್ ಓಡಿಸಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಚಿಕ್ಕ ಬಳೆ ಹಾಕಿಸಿದರೆ ಹೊರಡುವಾಗ ಬಲು ಭಾರ, ಆದರೆ ವೇಗ ಹಿಡಿದ ಮೇಲೆ ಕಡಿಮೆ ಕೈಬೀಸಿನಲ್ಲಿ ಹೆಚ್ಚು ದೂರ ಹೋಗಬಹುದು. ದೊಡ್ಡ ಬಳೆಯಾದರೆ ಹೊರಡುವುದು ಹಗುರ, ಆದರೆ ವೇಗ ಏರಿದಂತೆ ಕೈ ಸೋಲುತ್ತದೆ. ರೇಸಿನ ನಡುವೆ ಬದಲಾಯಿಸುವಂತಿಲ್ಲ. ಯಾವುದು ಬೇಕೆಂದು ಮೊದಲೇ ಗೊತ್ತುಮಾಡಿಕೊಂಡು ಬರಬೇಕು.

ಮಳೆ ಬಂದರೆ ಎಲ್ಲ ಲೆಕ್ಕವೂ ತಲೆಕೆಳಗು. ಒದ್ದೆ ಬಳೆಯ ಮೇಲೆ ಗ್ಲೌಸ್ ಜಾರುತ್ತದೆ.

ಕಾಲಿನಲ್ಲಿ ಓಡುವವರಿಗಿಂತ ಇವರು ವೇಗವೇ? ದೂರದ ಮೇಲೆ ನಿಂತಿದೆ. 100 ಮೀಟರ್‌ನಲ್ಲಿ ಓಟಗಾರನೇ ಮುಂದೆ, ಏಕೆಂದರೆ ನಿಂತ ಗಾಲಿಗೆ ವೇಗ ಬರಲು ಸಮಯ ಬೇಕು. 400 ಮೀಟರ್‌ನಲ್ಲಿ ಹೆಚ್ಚೂಕಡಿಮೆ ಸಮಸಮ. 800ರಿಂದ ಆಚೆಗೆ ಗಾಲಿಯದೇ ಮೇಲುಗೈ. ಅದೇ ರಿಯೊದಲ್ಲಿ ಕೆಲ ವಾರಗಳ ಹಿಂದೆ ನಡೆದಿದ್ದ ಒಲಿಂಪಿಕ್ಸ್‌ನ ಮಹಿಳಾ ಮ್ಯಾರಥಾನ್ ಗೆದ್ದ ಸಮಯ 2:24:04. ವೀಲ್‌ಚೇರ್‌ನಲ್ಲಿ ಪುರುಷರ ಅತಿ ವೇಗದ ಮ್ಯಾರಥಾನ್ 2021ರಲ್ಲಿ ಜಪಾನಿನ ಒಯಿಟಾದಲ್ಲಿ ಸ್ವಿಟ್ಜರ್‌ಲೆಂಡಿನ ಮಾರ್ಸೆಲ್ ಹುಗ್ ಮಾಡಿದ 1:17:47. ಮಹಿಳೆಯರಲ್ಲಿ ಅದೇ ದೇಶದ ಕ್ಯಾಥರಿನ್ ಡೆಬ್ರುನ್ನರ್ 2023ರಲ್ಲಿ ಬರ್ಲಿನ್‌ನಲ್ಲಿ 1:34:16ಕ್ಕೆ ಮುಗಿಸಿದರು.

## ಟಿ54 ಎಂದರೇನು?

ಜೌ ಗೆದ್ದ ಸ್ಪರ್ಧೆಯ ಹೆಸರಿನ ಮುಂದೆ ಟಿ54 ಎಂದಿತ್ತು. ಇಂಗ್ಲಿಷಿನ ಟಿ ಅಕ್ಷರ ಟ್ರ್ಯಾಕ್ ಸ್ಪರ್ಧೆಗೆ, ಎಫ್ ಅಕ್ಷರ ಎಸೆತದಂಥ ಫೀಲ್ಡ್ ಸ್ಪರ್ಧೆಗೆ. ಅಂಕಿ ಹೇಳುವುದು ದೇಹದ ಯಾವ ಭಾಗ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು.

ಬೆನ್ನುಹುರಿಯ ಪೆಟ್ಟು, ಪೋಲಿಯೊ, ಕಾಲು ಕಳೆದುಕೊಂಡದ್ದು ಮುಂತಾದ ಕಾರಣಗಳಿಂದ ವೀಲ್‌ಚೇರ್‌ನಲ್ಲಿ ಓಡುವವರಿಗೆ ಟಿ51ರಿಂದ ಟಿ54ರವರೆಗೆ ನಾಲ್ಕು ವರ್ಗ. ಟಿ51 ಮತ್ತು ಟಿ52ರಲ್ಲಿ ಇರುವವರಿಗೆ ತೋಳು, ಅಂಗೈಯ ಶಕ್ತಿಯೂ ಅಷ್ಟಿಷ್ಟು ಕುಂದಿರುತ್ತದೆ. ಟಿ53ರಲ್ಲಿ ತೋಳು ಪೂರ್ತಿ ಗಟ್ಟಿ, ಆದರೆ ಹೊಟ್ಟೆ, ಸೊಂಟದ ಸ್ನಾಯುಗಳು ಕೆಲಸ ಮಾಡುವುದಿಲ್ಲ. ಟಿ54ರಲ್ಲಿ ತೋಳಿನ ಜೊತೆಗೆ ಮುಂಡದ ಸ್ನಾಯುಗಳೂ ಭಾಗಶಃ ಅಥವಾ ಪೂರ್ತಿ ಕೆಲಸ ಮಾಡುತ್ತವೆ. ಸೆರೆಬ್ರಲ್ ಪಾಲ್ಸಿಯಂಥ ಕಾರಣದಿಂದ ಸ್ನಾಯುಗಳ ಹೊಂದಾಣಿಕೆ ತಪ್ಪಿದವರಿಗೆ ಟಿ32ರಿಂದ ಟಿ34ರವರೆಗೆ ಬೇರೆಯೇ ವರ್ಗಗಳಿವೆ.

ಮುಂಡದ ಸ್ನಾಯು ಇದ್ದರೆ ಏನು ಲಾಭ? ಒನಕೆಯಿಂದ ಕುಟ್ಟುವವರನ್ನು ನೆನಪಿಸಿಕೊಳ್ಳಿ. ಬರಿಯ ತೋಳಿನಿಂದ ಕುಟ್ಟಿದರೆ ಬೇಗ ಸುಸ್ತು. ಸೊಂಟದಿಂದ ಬಾಗಿ ಎದ್ದು ಇಡೀ ಮೈಭಾರ ಹಾಕಿದರೆ ಪೆಟ್ಟು ಗಟ್ಟಿ. ಟಿ54 ಅಥ್ಲೀಟ್ ಪ್ರತಿ ಹೊಡೆತಕ್ಕೂ ಮೈಯನ್ನು ಬಾಗಿಸಿ ಆ ಭಾರವನ್ನು ಬಳೆಗೆ ಹಾಕಬಲ್ಲರು. ಟಿ53ರವರು ಮುಂದಕ್ಕೆ ಬಾಗಿದ್ದಲ್ಲೇ ಇದ್ದು ತೋಳಿನಿಂದಲೇ ಎಲ್ಲವನ್ನೂ ಮಾಡಬೇಕು. ಆದರೂ ಟಿ53ರವರು ಟಿ54ರ ಮ್ಯಾರಥಾನಿನಲ್ಲಿ ಸ್ಪರ್ಧಿಸಬಹುದು, ಗೆದ್ದೂ ಇದ್ದಾರೆ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಮಹಿಳಾ ಮ್ಯಾರಥಾನಿನಲ್ಲಿ ಸ್ವಿಟ್ಜರ್‌ಲೆಂಡಿನ ಮಾನುಯೆಲಾ ಶೆರ್ ಅವರನ್ನು ಒಂದೇ ಸೆಕೆಂಡಿನಿಂದ ಹಿಂದಿಕ್ಕಿದ ಆಸ್ಟ್ರೇಲಿಯಾದ ಮ್ಯಾಡಿಸನ್ ಡಿ ರೊಜಾರಿಯೊ ಟಿ53 ವರ್ಗದವರು. ಏಕೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ಗಾಳಿಯಲ್ಲಿದೆ.

## ಗಾಳಿ ಸೀಳುವವರು, ನೆರಳಲ್ಲಿ ಬರುವವರು

ಬೈಕಿನಲ್ಲಿ ಹೋಗುವಾಗ ಲಾರಿಯ ಹಿಂದೆ ಸರಿದರೆ ಎದೆಗೆ ಬಡಿಯುತ್ತಿದ್ದ ಗಾಳಿ ಒಮ್ಮೆಲೇ ನಿಂತಂತಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 25-30 ಕಿ.ಮೀ. ವೇಗದಲ್ಲಿ ಕೈಬಲದ ದೊಡ್ಡ ಪಾಲು ಖರ್ಚಾಗುವುದು ಈ ಗಾಳಿಯನ್ನು ಸೀಳುವುದಕ್ಕೇ. ಮುಂದಿನವರ ಬೆನ್ನಿಗೆ ಅಂಟಿದಂತೆ ಹೋಗುವವರು ಆ ಖರ್ಚನ್ನು ಉಳಿಸಿಕೊಳ್ಳುತ್ತಾರೆ. ಇದನ್ನು ಡ್ರಾಫ್ಟಿಂಗ್ ಎನ್ನುತ್ತಾರೆ.

ಇದು ಮೋಸವಲ್ಲ, ಈ ಕ್ರೀಡೆಯ ಒಂದು ವಿದ್ಯೆ. ಗುಂಪಿನಲ್ಲಿರುವವರು ಸರದಿಯಂತೆ ಮುಂದೆ ಬಂದು ಗಾಳಿಗೆ ಎದೆಯೊಡ್ಡುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ಪಕ್ಕಕ್ಕೆ ಸರಿದು ಹಿಂದಕ್ಕೆ ಹೋಗುತ್ತಾರೆ. ಒಬ್ಬರೇ ತಪ್ಪಿಸಿಕೊಂಡು ಮುಂದೆ ಹೋಗಬೇಕೆಂದರೆ ಹಿಂದಿನ ಇಡೀ ಗುಂಪಿಗಿಂತ ಹೆಚ್ಚು ಬಲ ಬೇಕು. ಹಾಗಾಗಿ ಪದಕಕ್ಕಾಗಿ ನಡೆಯುವ ಮ್ಯಾರಥಾನ್‌ಗಳು ದಾಖಲೆಯ ವೇಗದಲ್ಲಿ ಓಡುವುದು ಕಡಿಮೆ. ಯಾರೂ ಉಳಿದವರನ್ನು ಪುಕ್ಕಟೆ ಎಳೆದುಕೊಂಡು ಹೋಗಲು ಒಪ್ಪುವುದಿಲ್ಲ. ಗುಂಪು ಗುಂಪಾಗಿಯೇ ಕೊನೆಯ ಕಿಲೋಮೀಟರ್‌ಗೆ ಬರುತ್ತದೆ. ಆಮೇಲೆ ನಡೆಯುವುದು ಸ್ಪ್ರಿಂಟ್.

ಇಲ್ಲಿ ಜೌ ಅವರ ಗೆಲುವಿನ ತೂಕ ಅರ್ಥವಾಗುತ್ತದೆ. ಅವರ ಪಕ್ಕದಲ್ಲಿದ್ದ ಮೆಕ್‌ಫ್ಯಾಡನ್ ಆ ಕಾಲದಲ್ಲಿ ರಸ್ತೆ ಓಟದ ರಾಣಿ. ರಷ್ಯಾದಲ್ಲಿ ಬೆನ್ನುಹುರಿಯ ಹುಟ್ಟುದೋಷದೊಂದಿಗೆ ಜನಿಸಿ, ಅನಾಥಾಲಯದಲ್ಲಿ ಆರಂಭದ ವರ್ಷಗಳನ್ನು ಕಳೆದು, ಅಮೆರಿಕದ ಮನೆಗೆ ದತ್ತು ಹೋದವರು. 2013ರಿಂದ ಸತತ ನಾಲ್ಕು ವರ್ಷ ಬಾಸ್ಟನ್, ಲಂಡನ್, ಶಿಕಾಗೊ, ನ್ಯೂಯಾರ್ಕ್ ನಾಲ್ಕೂ ಮ್ಯಾರಥಾನ್ ಗೆದ್ದವರು. ರಿಯೊದಲ್ಲಿ ಆಗಲೇ 400, 800, 1500, 5000 ಮೀಟರ್‌ಗಳ ಚಿನ್ನ ಅವರ ಕೊರಳಲ್ಲಿತ್ತು. ಅವರಿಗೆ ಆ ಕೂಟದಲ್ಲಿ ತಪ್ಪಿದ ಚಿನ್ನಗಳಲ್ಲಿ ಎರಡು ಚೀನಾದ ಮಹಿಳೆಯರ ಪಾಲಾದವು: 100 ಮೀಟರ್ ಲಿಯು ವೆಂಜುನ್ ಅವರಿಗೆ, ಮ್ಯಾರಥಾನ್ ಜೌ ಅವರಿಗೆ. ಲಿಯು ವೆಂಜುನ್ 2012ರ ಲಂಡನ್‌ನಲ್ಲೂ 100 ಮೀಟರ್ ಗೆದ್ದಿದ್ದರು. ಒಂದು ದೇಶದಲ್ಲಿ 16 ಸೆಕೆಂಡಿನ ಓಟಕ್ಕೂ ಒಂದೂವರೆ ಗಂಟೆಯ ಓಟಕ್ಕೂ ಚಿನ್ನ ಗೆಲ್ಲುವವರು ಒಟ್ಟಿಗೇ ಇದ್ದರು ಎಂಬುದೇ ಅಚ್ಚರಿ.

## ಚೀನಾದಲ್ಲಿ ಇಂಥವರು ತಯಾರಾಗುವುದು ಹೇಗೆ?

ಚೀನಾ ಮೊದಲು ಪ್ಯಾರಾಲಿಂಪಿಕ್ಸ್‌ಗೆ ಹೋದದ್ದು 1984ರಲ್ಲಿ. ಅದೇ ವರ್ಷ ಅನ್ಹುಯಿ ಪ್ರಾಂತ್ಯದ ಹೆಫೆಯ್ ನಗರದಲ್ಲಿ ವಿಕಲಚೇತನರ ಮೊದಲ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. 1988ರಲ್ಲಿ ಚೀನಾ ವಿಕಲಚೇತನರ ಒಕ್ಕೂಟ ಹುಟ್ಟಿತು. ಅದನ್ನು ಕಟ್ಟಿದ ದೆಂಗ್ ಪುಫಾಂಗ್, ಚೀನಾದ ನಾಯಕ ದೆಂಗ್ ಶಿಯಾವೊಪಿಂಗ್ ಅವರ ಮಗ. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ, 1968ರಲ್ಲಿ, ಪೀಕಿಂಗ್ ವಿಶ್ವವಿದ್ಯಾಲಯದ ಕಟ್ಟಡದ ಮೇಲಿನಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವರು. ಅಂದಿನಿಂದ ಅವರು ವೀಲ್‌ಚೇರ್‌ನಲ್ಲೇ ಇದ್ದಾರೆ. ಅಧಿಕಾರದ ಅಷ್ಟು ಹತ್ತಿರ ಇದ್ದ ಒಬ್ಬರು ಸ್ವತಃ ವೀಲ್‌ಚೇರ್‌ನಲ್ಲಿದ್ದದ್ದು ಚೀನಾದ ಈ ಕಥೆಯಲ್ಲಿ ಸಣ್ಣ ಸಂಗತಿಯಲ್ಲ.

ಒಕ್ಕೂಟಕ್ಕೆ ರಾಷ್ಟ್ರ ಮಟ್ಟದಿಂದ ಪ್ರಾಂತ್ಯ, ಜಿಲ್ಲೆಗಳವರೆಗೆ ಶಾಖೆಗಳಿವೆ. ಆ ದೇಶದಲ್ಲಿ ವಿಕಲಚೇತನರ ಸಂಖ್ಯೆ ಎಂಟೂವರೆ ಕೋಟಿ ಎಂದು ಒಕ್ಕೂಟದ ಲೆಕ್ಕ. ಪ್ರಾಂತ್ಯಗಳ ತಂಡಗಳಿಗೆ ಹೊಸಬರು ಸಿಗುವುದು ಇಲ್ಲಿಂದಲೇ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ಕೂಟದಲ್ಲಿ ಪ್ರಾಂತ್ಯಗಳ ನಡುವೆ ಜಿದ್ದಾಜಿದ್ದಿ. ಅಲ್ಲಿ ಮಿಂಚಿದವರಿಗೆ ರಾಷ್ಟ್ರೀಯ ತಂಡದ ಶಿಬಿರ. ಇದಕ್ಕೆಂದೇ ಬೀಜಿಂಗ್‌ನ ಹೊರವಲಯದ ಶುನ್ಯಿಯಲ್ಲಿ ದೊಡ್ಡ ತರಬೇತಿ ಕೇಂದ್ರವಿದೆ.

ಅಮೆರಿಕದ ದಾರಿ ಬೇರೆ. ಮೆಕ್‌ಫ್ಯಾಡನ್, ಮೆಕ್‌ಗ್ರೋರಿ ಇಬ್ಬರೂ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಳಗಿದವರು. ವರ್ಷವಿಡೀ ದೊಡ್ಡ ನಗರಗಳ ಮ್ಯಾರಥಾನ್‌ಗಳಲ್ಲಿ ಓಡಿ ಬಹುಮಾನದ ಹಣ, ಪ್ರಾಯೋಜಕರನ್ನು ನೆಚ್ಚಿಕೊಂಡು ಬದುಕುವ ವೃತ್ತಿಪರರು. ಹೀಗಾಗಿ ಅವರ ಮುಖ ಪರಿಚಿತ, ಬದುಕಿನ ಕಥೆಯೂ ಪರಿಚಿತ. ಚೀನಾದ ರೇಸರ್‌ಗಳು ಆ ನಗರ ಮ್ಯಾರಥಾನ್‌ಗಳಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವವರಲ್ಲ. ಅವರ ಕಣ್ಣು ಪ್ಯಾರಾಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್, ಏಷ್ಯನ್ ಕೂಟದ ಮೇಲೆ. ರಿಯೊದಂಥ ದಿನ ಬಂದಾಗ ಜಗತ್ತು ಜೌ ಅವರಂಥವರ ಹೆಸರನ್ನು ಇದ್ದಕ್ಕಿದ್ದಂತೆ ಕೇಳುತ್ತದೆ.

ಫಲ ಅಂಕಿಗಳಲ್ಲಿದೆ. 2004ರ ಅಥೆನ್ಸ್‌ನಿಂದ ಈಚೆಗೆ ಪ್ರತಿ ಬೇಸಿಗೆ ಪ್ಯಾರಾಲಿಂಪಿಕ್ಸ್‌ನಲ್ಲೂ ಪದಕಪಟ್ಟಿಯ ಮೊದಲ ಸ್ಥಾನ ಚೀನಾದ್ದೇ. 2008ರ ಬೀಜಿಂಗ್‌ನಲ್ಲಿ 89 ಚಿನ್ನ, ರಿಯೊದಲ್ಲಿ 107, ಟೋಕಿಯೊದಲ್ಲಿ 96, 2024ರ ಪ್ಯಾರಿಸ್‌ನಲ್ಲಿ 94.

ನಮ್ಮ ಓದುಗರಿಗೆ ವೀಲ್‌ಚೇರ್ ಅಥ್ಲೀಟ್ ಎಂದರೆ ಮೊದಲು ನೆನಪಾಗುವುದು ಬೆಂಗಳೂರಿನ ಮಾಲತಿ ಹೊಳ್ಳ. ಎಳವೆಯಲ್ಲೇ ಪೋಲಿಯೊಗೆ ತುತ್ತಾದ ಅವರು 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು, ಮುಂದೆ ಅರ್ಜುನ ಪ್ರಶಸ್ತಿ, ಪದ್ಮಶ್ರೀ ಪಡೆದರು. ಚೀನಾದ ಒಕ್ಕೂಟ ಹುಟ್ಟಿದ್ದೂ ಅದೇ 1988ರಲ್ಲಿ. ಆ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಮಾಲತಿ ಅವರ ಮೇಲಿನ ಗೌರವ ನನಗಂತೂ ಇಮ್ಮಡಿಯಾಗುತ್ತದೆ.

## ಹೆಗಲು, ಚರ್ಮ, ಬೆವರು

ಭುಜ ಮನುಷ್ಯನ ದೇಹದಲ್ಲಿ ಅತಿ ಸಡಿಲವಾದ ಕೀಲು. ಬೇಕಾದ ಕಡೆ ತಿರುಗುತ್ತದೆ, ಅದಕ್ಕೇ ಬೇಗ ಸವೆಯುತ್ತದೆ. ವೀಲ್‌ಚೇರ್ ರೇಸರ್‌ಗೆ ಹೆಗಲು ಕೈಕೊಟ್ಟರೆ ನಿಲ್ಲುವುದು ಓಟ ಮಾತ್ರವಲ್ಲ, ಹಾಸಿಗೆಯಿಂದ ಕುರ್ಚಿಗೆ ಹೋಗುವುದೂ ಕಷ್ಟ. ಹಾಗಾಗಿ ತರಬೇತಿಯಲ್ಲಿ ತಳ್ಳುವ ಸ್ನಾಯುಗಳಷ್ಟೇ ಬೆನ್ನಿನ ಎಳೆಯುವ ಸ್ನಾಯುಗಳನ್ನೂ ಬಲಪಡಿಸುತ್ತಾರೆ.

ಬೆನ್ನುಹುರಿಗೆ ಪೆಟ್ಟಾದವರಿಗೆ ಇನ್ನೆರಡು ತೊಂದರೆ. ಪೆಟ್ಟಾದ ಜಾಗದಿಂದ ಕೆಳಗೆ ನೋವು ಗೊತ್ತಾಗದ ಕಾರಣ ಇಕ್ಕಟ್ಟಾದ ಸೀಟು ಉಜ್ಜಿ ಹುಣ್ಣಾದರೂ ತಿಳಿಯುವುದಿಲ್ಲ. ಆ ಹುಣ್ಣು ಮಾಯಲು ತಿಂಗಳುಗಳೇ ಬೇಕಾಗಬಹುದು. ಎರಡನೆಯದು, ಆ ಭಾಗ ಸರಿಯಾಗಿ ಬೆವರುವುದೂ ಇಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಬಿಸಿಲಿನಲ್ಲಿ ಮ್ಯಾರಥಾನ್ ಎಂದರೆ ಇವರಿಗೆ ಎದುರಾಳಿಯ ಜೊತೆಗೆ ತಮ್ಮದೇ ಮೈಕಾವಿನೊಂದಿಗೂ ಸೆಣಸಾಟ.

ಇಷ್ಟಿದ್ದರೂ ಈ ವೃತ್ತಿಜೀವನ ದೀರ್ಘ. ಡಿ ರೊಜಾರಿಯೊ 14ನೇ ವಯಸ್ಸಿನಲ್ಲಿ ಬೀಜಿಂಗ್ ಪ್ಯಾರಾಲಿಂಪಿಕ್ಸ್‌ಗೆ ಹೋದವರು. ಮ್ಯಾರಥಾನ್ ಚಿನ್ನ ದಕ್ಕಿದ್ದು 13 ವರ್ಷಗಳ ನಂತರ. ಯಾವಾಗ ಮುಂದೆ ಬರಬೇಕು, ಯಾರ ಬೆನ್ನು ಹಿಡಿಯಬೇಕು ಎಂಬ ತಿಳಿವು ವರ್ಷಗಳೊಂದಿಗೆ ಬರುವಂಥದ್ದು. ರಸ್ತೆ ಓಟದಲ್ಲಿ ಅದಕ್ಕೆ ತೋಳಿನಷ್ಟೇ ಬೆಲೆ.

## ಹಾಗಾದರೆ ಗೆದ್ದವರು ಯಾರೆಂದು ತಿಳಿದದ್ದು ಹೇಗೆ?

ಮೊದಲ ಪ್ರಶ್ನೆಗೆ ಬರೋಣ. ರಸ್ತೆ ಓಟಗಳಲ್ಲಿ ಸಮಯವನ್ನು ಪೂರ್ತಿ ಸೆಕೆಂಡಿನಲ್ಲಿ ಬರೆಯುತ್ತಾರೆ. ಸೆಕೆಂಡಿನ ಮೇಲೆ ಒಂದು ಚೂರು ಹೆಚ್ಚಾಗಿದ್ದರೂ ಮುಂದಿನ ಸೆಕೆಂಡಿಗೆ ಏರಿಸುತ್ತಾರೆ. 100 ಮೀಟರ್ ಓಟದಂತೆ ಸೆಕೆಂಡಿನ ನೂರನೇ ಒಂದು ಭಾಗ ಅಲ್ಲಿ ಕಾಣಿಸುವುದಿಲ್ಲ. ಹಾಗಾಗಿ ಒಬ್ಬರು 1:38:43 ದಾಟಿದ ಕೂಡಲೇ ಬಂದು, ಇನ್ನೊಬ್ಬರು 44 ತುಂಬುವ ಹೊತ್ತಿಗೆ ಬಂದರೂ ಹಾಳೆಯಲ್ಲಿ ಇಬ್ಬರಿಗೂ 1:38:44 ಎಂದೇ ಇರುತ್ತದೆ. ಸರಾಸರಿ ವೇಗದಲ್ಲೇ ಒಂದು ಸೆಕೆಂಡಿಗೆ 7 ಮೀಟರ್ ಸಾಗುವ ಓಟ ಇದು. ಸಮಯ ಒಂದೇ ಎಂದರೆ ಒಟ್ಟಿಗೇ ಬಂದರು ಎಂದಲ್ಲ. ಸ್ಥಾನ ತೀರ್ಮಾನಿಸುವುದು ಸಮಯವಲ್ಲ, ಗೆರೆಯ ಮೇಲಿನ ಕ್ರಮ.

ಕಾಲಿನಲ್ಲಿ ಓಡುವವರಿಗೆ ಎದೆಯ ಭಾಗ ಗೆರೆ ಮುಟ್ಟಿದ ಕ್ಷಣ ಲೆಕ್ಕ. ಅದಕ್ಕೇ ಅವರು ಕೊನೆಯಲ್ಲಿ ಎದೆ ಮುಂದೆ ಚಾಚುವುದು. ವೀಲ್‌ಚೇರ್‌ನಲ್ಲಿ ಎದೆ ಚಾಚಿ ಪ್ರಯೋಜನವಿಲ್ಲ. ಮುಂದಿನ ಚಿಕ್ಕ ಗಾಲಿಯ ಅಚ್ಚಿನ ನಡುಬಿಂದು ಗೆರೆಗೆ ಬಂದ ಕ್ಷಣವೇ ಓಟ ಮುಗಿದ ಕ್ಷಣ. ಚಾಚಲು ಏನೂ ಇಲ್ಲ, ಇನ್ನೊಂದು ಹೊಡೆತ ಕೊಡಬೇಕು ಅಷ್ಟೇ.

2026ರ ಅಕ್ಟೋಬರ್‌ನಲ್ಲಿ ಜಪಾನಿನ ಐಚಿ-ನಗೋಯಾದ ಏಷ್ಯನ್ ಪ್ಯಾರಾ ಕ್ರೀಡಾಕೂಟಕ್ಕೆ ಚೀನಾದ ರೇಸರ್‌ಗಳು ಬಂದಾಗ ಕೊನೆಯ ನೂರು ಮೀಟರ್‌ನಲ್ಲಿ ಅವರ ಮುಖ ಬಿಟ್ಟು ಆ ಚಿಕ್ಕ ಗಾಲಿಯನ್ನೇ ನೋಡಿ. ಕೊಪಕಬಾನಾದಲ್ಲಿ ಆ ದಿನ ಗೆರೆಯ ಮೇಲೆ ಮೊದಲು ಬಂದದ್ದು ಜೌ ಲಿಹೊಂಗ್ ಅವರ ಗಾಲಿಯ ಅಚ್ಚು.